ಬಿಟ್ಟ ಮೇಲೆ ಲಾಕು ನಿಮ್ಮದಲ್ಲ

ಲ್ಯಾಪ್‌ಟಾಪಿನ ಫ್ಯಾನ್ ನಿಂತುಬಿಟ್ಟಿದೆ. ನಿಮ್ಮ ಕುತ್ತಿಗೆಯ ಹಿಂದೆ ಸಣ್ಣಗೆ ಬೆವರು.

ಇಷ್ಟು ಹೊತ್ತೂ ಅದು ಒಂದೇ ಸಮ ಕೂಗುತ್ತಿತ್ತು. ನಾಲ್ಕೇ ಕೋರ್ ಇರುವ ಹ್ಯಾಸ್‌ವೆಲ್ ಚಿಪ್ಪಿನ ಮೇಲೆ ತನಗೆ ಹದಿನಾರು ಸಿಪಿಯು ಇವೆ ಎಂದು ನಂಬಿಕೊಂಡ ವರ್ಚುವಲ್ ಮಷೀನೊಂದನ್ನು ನೀವು ಓಡಿಸುತ್ತಿದ್ದೀರಿ. ಅದರೊಳಗೆ ಲಿನಕ್ಸ್ ಕರ್ನಲ್‌ನ ಕಂಪೈಲ್ ನಡೆದಿತ್ತು, ಹದಿನಾರು ಕಡೆಯಿಂದ ಒಟ್ಟಿಗೆ. ಕೀಬೋರ್ಡಿನ ಎಡಭಾಗ ಅಂಗೈ ಊರಲಾರದಷ್ಟು ಬಿಸಿ. ಆ ಸದ್ದು ಹೋದದ್ದೇ ತಡ, ಹೊರಗಿನದೆಲ್ಲ ಕಿಟಕಿಯಿಂದ ಒಳಗೆ ಬರುತ್ತದೆ: ಕಾಡು ಮಲ್ಲೇಶ್ವರ ದೇವಸ್ಥಾನದ ಕಡೆಯ ಗಂಟೆ, ಮೈಕಿನಲ್ಲಿ ರುದ್ರಪಠಣ, ಸಂಪಿಗೆ ರಸ್ತೆಯಲ್ಲಿ ತಿರುಗಿಸಿಕೊಳ್ಳುವ ಆಟೋ. 2015ರ ಫೆಬ್ರುವರಿ 17, ಮಹಾಶಿವರಾತ್ರಿ. ಮಲ್ಲೇಶ್ವರದಲ್ಲಿ ಇವತ್ತು ಜಾಗರಣೆ. ನಿಮ್ಮ ಪರದೆಯೊಳಗೆ ಮಾತ್ರ ಎಲ್ಲರೂ ಮಲಗಿದ್ದಾರೆ.

ಎಂಟರ್ ಒತ್ತುತ್ತೀರಿ. ಏನೂ ಇಲ್ಲ. ಇನ್ನೊಮ್ಮೆ ಒತ್ತುತ್ತೀರಿ, ಬೆರಳಿನ ತುದಿ ನೋಯುವಷ್ಟು ಗಟ್ಟಿಯಾಗಿ. ಇನ್ನೊಂದು ಕಿಟಕಿ ತೆರೆದು ಗೆಸ್ಟ್, ಅಂದರೆ ಆ ವರ್ಚುವಲ್ ಮಷೀನು, ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ನೋಡುತ್ತೀರಿ. ಸೊನ್ನೆಯ ಹತ್ತಿರ. ಇದೇ ಕೆಟ್ಟ ಸುದ್ದಿ. ಲಾಕು ಸಾಮಾನ್ಯವಾಗಿ ಕೈಕೊಟ್ಟರೆ ಸಿಪಿಯು ಉರಿಯುತ್ತದೆ, ಫ್ಯಾನ್ ಇನ್ನಷ್ಟು ಕೂಗುತ್ತದೆ. ಎಲ್ಲಿ ಸುತ್ತುತ್ತಿದೆ ಎಂದು ಹಿಡಿಯಬಹುದು. ಇಲ್ಲಿ ಸುತ್ತುವವರೇ ಇಲ್ಲ.

ಸ್ಪಿನ್‌ಲಾಕ್ ಎಂದರೆ ಸುತ್ತುತ್ತ ಕಾಯುವ ಲಾಕು. ಸಿಗದವನು ಪಕ್ಕಕ್ಕೆ ಹೋಗುವುದಿಲ್ಲ. ಸಿಕ್ಕಿತೇ, ಸಿಕ್ಕಿತೇ ಎಂದು ಮೆಮೊರಿಯ ಅದೇ ಜಾಗವನ್ನು ನೋಡುತ್ತಲೇ ಇರುತ್ತಾನೆ. ಹ್ಯಾಸ್‌ವೆಲ್‌ನಂಥ ಎಕ್ಸ್86 ಚಿಪ್ಪುಗಳಿಗೆ ಲಿನಕ್ಸಿನಲ್ಲಿ 2008ರಿಂದ ಇದು ಟಿಕೆಟ್ ಲಾಕ್. ನಿಕ್ ಪಿಗಿನ್ 2.6.25ರಲ್ಲಿ ತಂದದ್ದು. ಡಾಕ್ಟರ ಕ್ಲಿನಿಕ್ಕಿನ ಟೋಕನ್ ವ್ಯವಸ್ಥೆಯೇ ಅದು. ಟೇಲ್ ಅಂದರೆ ಇನ್ನು ಕೊಡಬೇಕಾದ ಟೋಕನ್, ಹೆಡ್ ಅಂದರೆ ಈಗ ಒಳಗಿರುವವರ ನಂಬರು. ಬಂದವನು ಟೇಲ್ ಅನ್ನು ಒಂದು ಹೆಜ್ಜೆ ಮುಂದೂಡಿ ಹಳೆಯ ಅಂಕಿಯನ್ನು ತನ್ನದಾಗಿಸಿಕೊಳ್ಳುತ್ತಾನೆ, ಹೆಡ್ ಅಲ್ಲಿಗೆ ಬರುವ ತನಕ ಕಾಯುತ್ತಾನೆ. ಕೆಲಸ ಮುಗಿಸಿದವನು ಹೆಡ್ ಮುಂದೂಡಿ ಹೊರಡುತ್ತಾನೆ. ನಡುವೆ ನುಗ್ಗುವ ಹಾಗಿಲ್ಲ.

ವರ್ಚುವಲ್ ಮಷೀನಿನಲ್ಲಿ ಈ ನ್ಯಾಯವೇ ಉರುಳು. ಗೆಸ್ಟಿನ ಸಿಪಿಯು ನಿಜವಾದ ಸಿಪಿಯು ಅಲ್ಲ, ಹೋಸ್ಟ್, ಅಂದರೆ ಅಡಿಯಲ್ಲಿರುವ ನಿಜವಾದ ಯಂತ್ರ, ಬೇಕೆಂದಾಗ ಓಡಿಸಿ ಬೇಡವೆಂದಾಗ ಬದಿಗಿಡುವ ಒಂದು ಕೆಲಸ ಅಷ್ಟೆ. 41ನೇ ಟೋಕನ್‌ನವನನ್ನು ಹೋಸ್ಟ್ ಬದಿಗಿಟ್ಟರೆ 42, 43, 44 ಎಲ್ಲರೂ ನಿಜವಾದ ಕೋರುಗಳನ್ನು ಹಿಡಿದುಕೊಂಡು ಸುಮ್ಮನೆ ಸುತ್ತುತ್ತಾರೆ, 41ಕ್ಕೆ ಕೋರೇ ಸಿಗುವುದಿಲ್ಲ. ಆದ್ದರಿಂದ ಒಂದು ಒಪ್ಪಂದ: 32,768 ಸಲ ಸುತ್ತಿಯೂ ಸರದಿ ಬಾರದಿದ್ದರೆ ‘ನಾನು ಮಲಗುತ್ತೇನೆ’ ಎಂದು ಲಾಕಿನ ಮೇಲೆ ಒಂದು ಬಿಟ್ ಹಚ್ಚಿ ಹಾಲ್ಟ್ ಆಗು. ಬಿಡುವವನು ಆ ಬಿಟ್ ನೋಡಿ ನಿನ್ನನ್ನು ಎಬ್ಬಿಸುತ್ತಾನೆ. ಲಿನಕ್ಸಿನ ವರ್ಚುವಲ್ ಮಷೀನ್ ವ್ಯವಸ್ಥೆಯಾದ ಕೆವಿಎಂಗೆ ಈ ಒಪ್ಪಂದ ಕಟ್ಟಿದವರಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ತಂಡದ ಶ್ರೀವತ್ಸ ವಡ್ಡಗಿರಿ, ರಾಘವೇಂದ್ರ ಕೆ.ಟಿ. ಇದ್ದಾರೆ, 2013ರಲ್ಲಿ 3.12ನೇ ಆವೃತ್ತಿಯೊಂದಿಗೆ ಅದು ಕರ್ನಲ್ ಸೇರಿತು. ಬಿಟ್ ಇಟ್ಟದ್ದು ಟೇಲ್‌ನ ಕಟ್ಟಕಡೆಯ ಸ್ಥಾನದಲ್ಲಿ. ಹಾಗಾಗಿ ಟೋಕನ್‌ಗಳು ಎರಡೆರಡಾಗಿ ಏರುತ್ತವೆ.

ಇವತ್ತು ಸಂಜೆ ನೀವು ಬಿಡುವವನ ಕೋಡಿನಿಂದ ಒಂದೇ ಒಂದು ಬೈಟ್ ಬೇಕೆಂದೇ ತೆಗೆದಿದ್ದೀರಿ. ಹೆಡ್‌ಗೆ ಕೂಡಿಸುವ ಆದೇಶದ ಮುಂದಿದ್ದ ಲಾಕ್ ಪ್ರಿಫಿಕ್ಸ್, ಯಂತ್ರಭಾಷೆಯಲ್ಲಿ ಎಫ್0. ತೆಗೆದರೆ ಏನಾಗುತ್ತದೆ ಎಂದು ಓದಿ ಗೊತ್ತಿತ್ತು. ಕಣ್ಣಾರೆ ನೋಡಬೇಕಿತ್ತು.

ಈಗ ಚಿಪ್ಪಿನೊಳಗೆ ಇಳಿಯಿರಿ. ಲಾಕು ನಿಮ್ಮ ಕೈಯಲ್ಲಿದೆ, ಬಿಡಬೇಕಿದೆ. ಹೆಡ್‌ಗೆ ಎರಡು ಕೂಡಿಸುತ್ತೀರಿ. ಬರೆದಾಯಿತು ಎಂದು ನಿಮಗೆ ಅನಿಸುತ್ತದೆ, ಏಕೆಂದರೆ ನೀವೇ ತಿರುಗಿ ಓದಿದರೆ ಹೊಸ ಅಂಕಿಯೇ ಕಾಣುತ್ತದೆ. ಆದರೆ ಆ ಬರಹ ಇನ್ನೂ ನಿಮ್ಮ ಕೋರಿನ ಸ್ಟೋರ್ ಬಫರಿನಲ್ಲಿದೆ. ಹ್ಯಾಸ್‌ವೆಲ್‌ನಲ್ಲಿ ಅದಕ್ಕೆ 42 ಸ್ಥಾನ. ಲಾಕು ಇರುವ 64 ಬೈಟಿನ ಕ್ಯಾಶ್ ಲೈನಿನ ಪ್ರತಿ ಇನ್ನೊಂದು ಕೋರಿನಲ್ಲೂ ಇದೆ. ಲೈನು ನಿಮ್ಮೊಬ್ಬರ ವಶಕ್ಕೆ ಬರುವ ತನಕ ನಿಮ್ಮ ಬರಹ ಹೊರಗೆ ಯಾರಿಗೂ ಕಾಣದು. ಕಾಯುತ್ತ ಕೂರುವುದು ಕೋರಿನ ಜಾಯಮಾನವಲ್ಲ, ಮುಂದಿನ ಓದನ್ನು ಮೊದಲೇ ಮುಗಿಸಿಬಿಡುತ್ತದೆ. ಮುಂದಿನ ಓದು ಯಾವುದು? ಟೇಲ್‌ನ ಬಿಟ್. ಓದುತ್ತೀರಿ. ಸೊನ್ನೆ. ಮಲಗಿದವರು ಯಾರೂ ಇಲ್ಲ. ಹೊರಡುತ್ತೀರಿ.

ಅದೇ ಕ್ಷಣ, ಆ ಕಡೆ. ಕಾಯುವವನ 32,768ನೇ ಸುತ್ತು ಮುಗಿಯುತ್ತದೆ. ಬಿಟ್ ಹಚ್ಚುತ್ತಾನೆ. ಎಚ್ಚರದವನು, ಮಲಗುವ ಮುಂಚೆ ಹೆಡ್ ಅನ್ನು ಕೊನೆಯ ಸಲ ನೋಡುತ್ತಾನೆ. ಹಳೆಯ ಅಂಕಿ. ಇಂಟರಪ್ಟ್ ಮುಚ್ಚಿಕೊಂಡಿದ್ದಾನೆ. ಹಾಲ್ಟ್. ನಿಮ್ಮ ಬರಹ ಈಗ ಬಫರಿನಿಂದ ಇಳಿಯುತ್ತದೆ. ಹೆಡ್ ಅವನ ನಂಬರಿಗೆ ಬಂತು. ನೋಡಲು ಅವನು ಎಚ್ಚರವಿಲ್ಲ. ಎಬ್ಬಿಸಲು ನೀವು ಅಲ್ಲಿಲ್ಲ.

ಇಂಟರಪ್ಟ್ ತೆರೆದಿದ್ದರೆ ಟೈಮರ್ ಬಂದು ತಟ್ಟುತ್ತಿತ್ತು, ಎದ್ದು ನೋಡುತ್ತಿದ್ದ. ಮುಚ್ಚಿದ್ದಾನಾದ್ದರಿಂದ ನಿಮ್ಮ ತಟ್ಟುವಿಕೆಯೊಂದೇ ಅವನ ಗತಿ. ಅವನ ಹಿಂದಿನ ಟೋಕನ್‌ನವರು ತಮ್ಮ ತಮ್ಮ 32,768 ಸುತ್ತಿ ಒಬ್ಬೊಬ್ಬರೇ ಮಲಗುತ್ತಾರೆ. ಫ್ಯಾನ್ ನಿಂತದ್ದು ಹಾಗೆ.

ಪರದೆಯಲ್ಲಿ ಒಂದು ಸಾಲು ಚಿಮ್ಮುತ್ತದೆ. ಸೀರಿಯಲ್ ಕನ್ಸೋಲಿನಲ್ಲಿ ಆರ್‌ಸಿಯು ದೂರು: ಕೆಲವು ಸಿಪಿಯುಗಳು ಬಹಳ ಹೊತ್ತಿನಿಂದ ಸದ್ದು ಮಾಡಿಲ್ಲ. ಕರ್ನಲ್‌ನ ಡೀಫಾಲ್ಟ್ ತಾಳ್ಮೆ 21 ಸೆಕೆಂಡು. ಅಷ್ಟು ಹೊತ್ತು ನೀವು ಉಸಿರು ಹಿಡಿದು ಕೂತಿದ್ದಿರಿ ಎಂದು ಈಗ ಎದೆಗೆ ತಿಳಿಯುತ್ತದೆ. ಆರ್‌ಸಿಯು ಎಂದರೆ ಓದುವವರಿಗೆ ಲಾಕೇ ಬೇಡವೆನ್ನುವ ವ್ಯವಸ್ಥೆ. ಪಾಲ್ ಮೆಕೆನ್ನಿ ಅದರ ಹಿರಿಯ. 2002ರಲ್ಲಿ 2.5.43ರೊಳಗೆ ಅದನ್ನು ಸೇರಿಸಿದ ಕೆಲಸದಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ದೀಪಂಕರ್ ಸರ್ಮಾ ಅವರ ಪಾಲು ದೊಡ್ಡದು. ಮೆಮೊರಿ ಕ್ರಮದ ವಿಷಯದಲ್ಲಿ ಈ ಊರು ಹೊರಗೆ ನಿಂತು ನೋಡಿದ್ದಲ್ಲ. ಐಟಿ ಎಂದರೆ ಸರ್ವೀಸ್ ಕಂಪನಿ ಎಂದು ಬರೆಯುವವರು ಇದನ್ನು ಬರೆಯುವುದಿಲ್ಲ.

ಎಫ್0 ತೆಗೆಯುವ ಆಸೆ ನಿಮ್ಮೊಬ್ಬರದೇ ಅಲ್ಲ. 1999ರ ಕೊನೆಯಲ್ಲಿ ಮ್ಯಾನ್‌ಫ್ರೆಡ್ ಸ್ಪ್ರೌಲ್ ಒಂದು ಸಲಹೆ ಮುಂದಿಟ್ಟರು: ಸ್ಪಿನ್‌ಲಾಕ್ ಬಿಡುವಾಗ ಲಾಕ್ ಪ್ರಿಫಿಕ್ಸ್ ಯಾಕೆ, ಸುಮ್ಮನೆ ಬರೆದರೆ ಸಾಕಲ್ಲ? 22 ಟಿಕ್ ಹಿಡಿಯುತ್ತಿದ್ದದ್ದು 1ಕ್ಕೆ ಇಳಿಯುತ್ತದೆ. ಲಿನಸ್ ಟೊರ್ವಾಲ್ಡ್ಸ್ ಮೊದಲು ಆಗದೆಂದರು. ಇಂಟೆಲ್‌ನ ಎರಿಕ್ ಬೊಲೇನ್ ಬಂದು ಆಗುತ್ತದೆ ಎಂದು ವಿವರಿಸಿದ ಮೇಲೆ ಒಪ್ಪಿದರು. ಎಕ್ಸ್86ನಲ್ಲಿ ಒಂದು ಬರಹ ತನಗಿಂತ ಹಿಂದಿನ ಓದು ಬರಹಗಳನ್ನು ಹಿಂದಿಕ್ಕಿ ಹೊರಗೆ ಕಾಣಿಸುವುದಿಲ್ಲ. ಲಾಕಿನೊಳಗೆ ಮಾಡಿದ್ದೆಲ್ಲ ಮೊದಲು, ಬಿಟ್ಟದ್ದು ಆಮೇಲೆ. ಬಿಡುವುದಕ್ಕೆ ಅಷ್ಟು ಸಾಕು.

ಎಕ್ಸ್86 ಕೊಡದ ಭರವಸೆ ಒಂದೇ: ಬರಹದ ನಂತರದ ಓದು ಆ ಬರಹ ಹೊರಗೆ ಕಂಡ ಮೇಲೆಯೇ ನಡೆಯುತ್ತದೆ ಎಂಬುದು. ಅದು ಮುಂಚೆಯೇ ನಡೆದುಹೋಗಬಹುದು. 1999ರ ಲಾಕಿಗೆ ಅದರಿಂದ ಏನೂ ಆಗಬೇಕಿರಲಿಲ್ಲ, ಬಿಟ್ಟ ಮೇಲೆ ಅದು ಏನನ್ನೂ ಓದುತ್ತಿರಲಿಲ್ಲ. ನಿಮ್ಮದು ಓದುತ್ತದೆ. ಹೆಡ್ ಬರೆ, ಬಿಟ್ ಓದು. ಆ ಕಡೆಯವನು ಬಿಟ್ ಬರೆ, ಹೆಡ್ ಓದು. ಇಬ್ಬರೂ ಹಳೆಯದನ್ನೇ ಓದಿದರೆ ಮುಗಿಯಿತು. ನಡುವೆ ಬಫರ್ ಖಾಲಿ ಮಾಡಿಸುವ ಬ್ಯಾರಿಯರ್ ಇಬ್ಬರಿಗೂ ಬೇಕು. ಒಬ್ಬರು ಇಟ್ಟು ಇನ್ನೊಬ್ಬರು ಬಿಟ್ಟರೆ ಇಟ್ಟವರ ಬ್ಯಾರಿಯರೂ ದಂಡ.

ಬಿಡುವವನ ಬ್ಯಾರಿಯರ್ ಆ ಎಫ್0 ತಾನೇ. ಬೈಟ್ ವಾಪಸ್ ಇಡುತ್ತೀರಿ. ಕಟ್ಟಿ, ಬೂಟ್ ಮಾಡಿ, ಕಂಪೈಲ್ ಹಚ್ಚುತ್ತೀರಿ. ಫ್ಯಾನ್ ಮತ್ತೆ ಕೂಗತೊಡಗಿದಾಗ ಬಿಗಿಹಿಡಿದಿದ್ದ ಭುಜ ತಾನಾಗಿ ಇಳಿಯುತ್ತದೆ.

ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಅಜ್ಜಿ, ಕೈಯಲ್ಲಿ ತಟ್ಟೆ, ಲೋಟ. ಲೋಟದಿಂದ ಬೇಲದ ಹಣ್ಣು, ಬೆಲ್ಲ, ಏಲಕ್ಕಿ ಸೇರಿದ ವಾಸನೆ.

“ಏನ್ ಮಗು, ಇನ್ನೂ ಅದರ ಮುಂದೇನೇ ಕೂತಿದೀಯಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ? ತಗೋ, ತಂಬಿಟ್ಟು.”

“ಒಂದು ಹತ್ತು ನಿಮಿಷ ಅಜ್ಜಿ, ಆಗೋಯ್ತು.”

“ಆಗೋಯ್ತು ಅಂತ ಸಾಯಂಕಾಲಾನೂ ಅಂದೆ. ಪಾನಕ ಕುಡಿದು ಲೋಟ ಕೊಡು, ನಾನು ಗುಡಿಗೆ ಹೋಗ್ಬೇಕು.”

ಕುಡಿಯುತ್ತೀರಿ. ಹುಳಿ, ಸಿಹಿ, ತಣ್ಣಗೆ. ಖಾಲಿ ಹೊಟ್ಟೆಯಲ್ಲಿ ಅದು ಇಳಿಯುವ ದಾರಿಯೆಲ್ಲ ಗೊತ್ತಾಗುತ್ತದೆ. ತಂಬಿಟ್ಟಿನ ಉಂಡೆಯನ್ನು ಎಡಗೈಯಲ್ಲಿ ಹಿಡಿದೇ ಮೇಜಿನ ಮೂಲೆಯ ಹಸಿರು ಬೋರ್ಡಿನ ಕಡೆ ತಿರುಗುತ್ತೀರಿ. ಪಾಂಡಾಬೋರ್ಡ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಮ್ಯಾಪ್ 4430 ಚಿಪ್ಪು, ಎರಡು ಆರ್ಮ್ ಕಾರ್ಟೆಕ್ಸ್-ಎ9 ಕೋರು. ಆ ಕಂಪನಿ ಈ ಊರಿಗೆ ಬಂದದ್ದು 1985ರಲ್ಲಿ. ಅದಿರಲಿ. ಎಕ್ಸ್86 ಕೊಡುವ ಭರವಸೆಗಳಲ್ಲಿ ಹೆಚ್ಚಿನವನ್ನು ಈ ಚಿಪ್ಪು ಕೊಡುವುದಿಲ್ಲ.

ಸಣ್ಣ ಪ್ರೋಗ್ರಾಮ್. ಎರಡು ಥ್ರೆಡ್, ಒಂದು ಲಾಕು, ಒಂದು ಎಣಿಕೆ. ಪ್ರತಿಯೊಬ್ಬರೂ ಲಾಕು ಹಿಡಿದು ಎಣಿಕೆಗೆ ಒಂದು ಕೂಡಿಸಿ ಬಿಡಬೇಕು, ತಲಾ ಒಂದು ಕೋಟಿ ಸಲ. ಲಾಕಿನ ಕಾರ್ಯಾಚರಣೆಗಳೆಲ್ಲ ಅಟಾಮಿಕ್, ಆದರೆ ಕ್ರಮದ ಷರತ್ತು ಹಾಕಿಲ್ಲ; 2011ರ ಸಿ ಭಾಷೆಯ ಮಾತಿನಲ್ಲಿ ‘ರಿಲ್ಯಾಕ್ಸ್‌ಡ್’. ಓಡಿಸುತ್ತೀರಿ. ಎರಡು ಕೋಟಿ ಬರಬೇಕಿತ್ತು. ಬಂದದ್ದು ಅದಕ್ಕಿಂತ ತುಸು ಕಡಿಮೆ. ಮತ್ತೆ ಓಡಿಸುತ್ತೀರಿ. ಮತ್ತೆ ಕಡಿಮೆ, ಈ ಸಲ ಬೇರೆ ಅಂಕಿ.

ಲಾಕು ಒಮ್ಮೆಯೂ ಇಬ್ಬರ ಕೈಗೆ ಸಿಕ್ಕಿಲ್ಲ, ಅಟಾಮಿಕ್ ಎಂಬ ಮಾತು ಅದನ್ನು ಉಳಿಸಿದೆ. ಕೈಕೊಟ್ಟದ್ದು ಒಳಗಿನ ಎಣಿಕೆ. ಒಬ್ಬ ಎಣಿಕೆಯನ್ನು ಬರೆದು, ಆಮೇಲೆ ಲಾಕು ಬಿಟ್ಟ. ಎರಡೂ ಬರಹಗಳು ಹೊರಟವು. ಲಾಕು ಬಿಟ್ಟ ಬರಹ ಮೊದಲು ತಲುಪಿತು. ಇನ್ನೊಬ್ಬ ಲಾಕು ಹಿಡಿದ, ಎಣಿಕೆಯನ್ನು ಓದಿದ, ಹಳೆಯದು ಸಿಕ್ಕಿತು, ಅದಕ್ಕೆ ಒಂದು ಕೂಡಿಸಿ ಬರೆದ. ಒಂದು ಸಲದ ಕೆಲಸ ಮಾಯ. ಹಿಡಿಯುವ ಕಡೆ ‘ಅಕ್ವೈರ್’, ಬಿಡುವ ಕಡೆ ‘ರಿಲೀಸ್’ ಎಂದು ತಿದ್ದುತ್ತೀರಿ. ಕಂಪೈಲರ್ ಆ ಎರಡು ಕಡೆ ಡಿಎಂಬಿ ಎಂಬ ಬ್ಯಾರಿಯರ್ ಆದೇಶ ಹಾಕುತ್ತದೆ. ಎರಡು ಕೋಟಿ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅಂಕಿ ಬಿದ್ದುಹೋದರೆ ಲೆಕ್ಕ ಹಾಕಿ ಹಿಡಿಯಬಹುದು. ಅದೇ ಜಾಗದಲ್ಲಿ ಪಾಯಿಂಟರ್ ಇದ್ದಿದ್ದರೆ ಎಲ್ಲೋ ತಿಂಗಳ ಮೇಲೆ, ಯಾರದೋ ಫೋನಿನಲ್ಲಿ ಸಾಯುತ್ತಿತ್ತು. ಅಟಾಮಿಕ್ ಅಂದ ಕೂಡಲೇ ಕ್ರಮವೂ ಸಿಕ್ಕಿತು ಎಂದುಕೊಳ್ಳುವುದು ಈ ಕಸುಬಿನಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ತಿಳಿವಳಿಕೆ.

ಬೋರ್ಡಿನ ವಿಷಯ ಸಾಕು. ಇವತ್ತು ನೀವು ಕೂತದ್ದು ಇನ್ನೊಂದಕ್ಕೆ.

ಈ ತಿಂಗಳ ಮೊದಲಲ್ಲಿ ಕರ್ನಲ್ ಡೆವಲಪರ್ ಸಾಶಾ ಲೆವಿನ್ ಒಂದು ದೂರು ಕೊಟ್ಟಿದ್ದಾರೆ. ವರ್ಚುವಲ್ ಮಷೀನಿನಲ್ಲಿ ಮೆಮೊರಿ ಕೆಡುತ್ತಿದೆ, ಬೆರಳು ತೋರುವುದು ಸ್ಪಿನ್‌ಲಾಕಿನ ಕಡೆ. ಕೋಡು ನಿಮ್ಮ ಮುಂದಿದೆ. ಎಫ್0 ಇದೆ, ಬ್ಯಾರಿಯರ್ ಪೂರ್ತಿಯಾಗಿದೆ, ಕ್ರಮ ಕಿಂಚಿತ್ತೂ ಏರುಪೇರಾಗಿಲ್ಲ. ಆದರೂ ತಪ್ಪಿದೆ. ಒಂದು ಸಾಲೂ ಬಿಡದೆ ಓದುತ್ತೀರಿ, ಕಣ್ಣು ಉರಿಯುತ್ತದೆ, ಮುಷ್ಟಿಯಿಂದ ಉಜ್ಜಿಕೊಳ್ಳುತ್ತೀರಿ. ಎಲ್ಲಿ?

ಮತ್ತೆ ಒಳಗಿಳಿಯಿರಿ. ಈ ಸಲ ಒಬ್ಬರು ನಿಮಗಾಗಿ ಕಾಯುತ್ತಿದ್ದಾರೆ. ಡಿಸ್ಕಿನಿಂದ ಏನೋ ಬರಬೇಕು, ತಂದುಕೊಡುವವರು ನೀವು. ಕಾಯುವವನು ತನ್ನ ಸ್ಟ್ಯಾಕಿನ ಮೇಲೆಯೇ ಒಂದು ‘ಕಂಪ್ಲೀಶನ್’ ಇಟ್ಟುಕೊಂಡಿದ್ದಾನೆ: ಒಳಗೆ ‘ಮುಗಿಯಿತು’ ಎಂಬ ಅಂಕಿ, ಅದರ ಕಾವಲಿಗೆ ಒಂದು ಸ್ಪಿನ್‌ಲಾಕ್. ನೀವು ಲಾಕು ಹಿಡಿಯುತ್ತೀರಿ. ಮುಗಿಯಿತು ಎಂದು ಬರೆಯುತ್ತೀರಿ. ಅವನನ್ನು ಎಬ್ಬಿಸುತ್ತೀರಿ. ಲಾಕು ಬಿಡುತ್ತೀರಿ: ಹೆಡ್ ಮುಂದೆ ಹೋಯಿತು, ಎಲ್ಲರಿಗೂ ಕಂಡಿತು. ಈಗ ಬಿಟ್ ಓದಬೇಕು.

ಅಷ್ಟರಲ್ಲಿ ಹೋಸ್ಟ್ ನಿಮ್ಮನ್ನು ಬದಿಗಿಡುತ್ತದೆ.

ಎದ್ದವನು ಲಾಕು ಹಿಡಿಯುತ್ತಾನೆ. ಖಾಲಿ ಇದೆ, ತಕ್ಷಣ ಸಿಗುತ್ತದೆ. ಮುಗಿಯಿತು ಎಂಬುದನ್ನು ಓದುತ್ತಾನೆ. ಲಾಕು ಬಿಡುತ್ತಾನೆ. ಫಂಕ್ಷನ್ನಿನಿಂದ ಹಿಂದಿರುಗುತ್ತಾನೆ. ಸ್ಟ್ಯಾಕಿನ ಆ ಚೌಕ ಹೋಯಿತು. ಇನ್ನೊಂದು ಫಂಕ್ಷನ್ ಬಂದು ಅದೇ ಜಾಗದಲ್ಲಿ ತನ್ನ ಲೆಕ್ಕ, ತನ್ನ ಹಿಂದಿರುಗುವ ವಿಳಾಸ ಬರೆದುಕೊಳ್ಳುತ್ತದೆ. ಹೋಸ್ಟ್ ನಿಮ್ಮನ್ನು ಮತ್ತೆ ಓಡಿಸುತ್ತದೆ. ನಿಮ್ಮ ಪಾಲಿಗೆ ಒಂದು ಕ್ಷಣವೂ ಕಳೆದಿಲ್ಲ. ಲಾಕು ಇದ್ದ ಜಾಗಕ್ಕೆ ಕೈ ಹಾಕುತ್ತೀರಿ.

ಮೇಜಿನ ಮೇಲೆ ಇದನ್ನು ಹಿಗ್ಗಿಸಿ ನೋಡಲು ಬಿಡುವ ಬರಹಕ್ಕೂ ಬಿಟ್ಟಿನ ಓದಿಗೂ ನಡುವೆ ಒಂದು ಖಾಲಿ ಲೂಪ್ ಹಾಕುತ್ತೀರಿ. ಸ್ಟ್ಯಾಕ್ ಬದಲು ಲಾಕನ್ನು ಹೀಪಿನ ಸಣ್ಣ ತುಂಡಿನಲ್ಲಿ ಇಡುತ್ತೀರಿ. ಬಿಡುಗಡೆಯಾದ ತುಂಡಿನ ತುಂಬ 6ಬಿ, 6ಬಿ ಎಂದು ವಿಷ ತುಂಬುವ ಡಿಬಗ್ ಸೌಲಭ್ಯ ಕರ್ನಲ್‌ನಲ್ಲೇ ಇದೆ, ಅದನ್ನು ಹಚ್ಚುತ್ತೀರಿ. ಓದಿದ ಅಂಕಿಯನ್ನು ಕನ್ಸೋಲಿಗೆ ಬರೆಸುತ್ತೀರಿ. ಓಡಿಸುತ್ತೀರಿ. ಸಾಲುಗಳು ಮೇಲೇರುತ್ತವೆ, ಎಲ್ಲ ಸರಿ, ಎಲ್ಲ ಸರಿ, ಎಲ್ಲ ಸರಿ. ತಂಬಿಟ್ಟಿನ ಕೊಬ್ಬರಿ ಹಲ್ಲಿಗೆ ಸಿಕ್ಕಿಕೊಂಡಿದೆ, ನಾಲಗೆಯಲ್ಲಿ ತೆಗೆಯಲು ನೋಡುತ್ತೀರಿ. ಆಗ ಬರುತ್ತದೆ.

6ಬಿ6ಬಿ.

ನಾಲಗೆ ಅಲ್ಲೇ ನಿಲ್ಲುತ್ತದೆ. 6ಬಿಯ ಕೊನೆಯ ಬಿಟ್ 1. ಸತ್ತ ಮೆಮೊರಿಯ ವಿಷವನ್ನೇ ನಿಮ್ಮ ಕೋಡು ‘ಯಾರೋ ಮಲಗಿದ್ದಾರೆ’ ಎಂದು ಓದಿಕೊಂಡಿದೆ. ಮುಂದಿನ ಸಾಲು ಆ ಬಿಟ್ ಅಳಿಸುವುದು. ಅದನ್ನು ಮಾಡುವ ಕಂಪೇರ್-ಎಕ್ಸ್‌ಚೇಂಜ್ ಆದೇಶ ಮೊದಲು ಹೋಲಿಸುತ್ತದೆ, ಹಳೆಯ ಅಂಕಿ ಹೊಂದಿದರೆ ಮಾತ್ರ ಬರೆಯುತ್ತದೆ. ಈ ಸಲ ಹೊಂದಲಿಲ್ಲ. ಹೊಂದಿದ ದಿನ ಇನ್ನೊಬ್ಬರ ಮೆಮೊರಿಗೆ ಬರೆದೇಬಿಡುತ್ತದೆ, ಯಾವ ದೂರೂ ಇಲ್ಲದೆ.

ಮದ್ದೇನು? ಬೆರಳು ಕೀಲಿಗಳ ಮೇಲಿದೆ, ಒತ್ತುತ್ತಿಲ್ಲ. ಬಿಡುವ ಮುಂಚೆಯೇ ಬಿಟ್ ಓದಿಕೊಂಡರೆ? ಆಗ ಲಾಕು ಇನ್ನೂ ನಿಮ್ಮದು, ಮೆಮೊರಿ ಜೀವಂತ. ಆದರೆ ನೀವು ಓದಿದ ಮೇಲೆ, ಬಿಡುವ ಮುಂಚೆ, ಒಬ್ಬ ಬಿಟ್ ಹಚ್ಚಿ ಮಲಗಿದರೆ? ಅವನನ್ನು ಎಬ್ಬಿಸುವವರಿಲ್ಲ, ಸಂಜೆಯ ನಿಂತ ಫ್ಯಾನೇ ಮತ್ತೆ. ಬಿಟ್ಟ ಮೇಲೆ ಓದಿದರೆ? 6ಬಿ. ಮುಂಚೆ ಓದಿದರೆ ಒಬ್ಬ ಸಾಯುತ್ತಾನೆ, ಆಮೇಲೆ ಓದಿದರೆ ಇನ್ನೊಬ್ಬ. ನಡುವೆ ಇನ್ನೊಂದು ಬ್ಯಾರಿಯರ್ ಹಾಕೋಣವೆಂದರೆ, ಕ್ರಮ ಆಗಲೇ ಸರಿ ಇದೆ. ಬ್ಯಾರಿಯರ್‌ನಿಂದ ಬಗೆಹರಿಯುವ ಜಗಳವಲ್ಲ ಇದು.

ಉತ್ತರ ಬಂದಾಗಿದೆ, ನಿಮ್ಮ ಹತ್ತಿರ ಅದರ ಪ್ಯಾಚ್ ಇದೆ. ಬರೆದವರು ರಾಘವೇಂದ್ರ ಕೆ.ಟಿ. ಬಿಟ್ಟ ಲಾಕನ್ನು ಮುಟ್ಟುವಂತಿಲ್ಲ, ಇನ್ನೊಬ್ಬರು ಬಂದು ಇಡೀ ರಚನೆಯನ್ನೇ ಬಿಡುಗಡೆ ಮಾಡಿರಬಹುದು ಎಂದು ಕಾರಣವನ್ನು ಬಿಡಿಸಿ ಹೇಳಿದವರು ಲಿನಸ್. ಬಿಟ್ ಅನ್ನು ಟೇಲ್‌ನಿಂದ ಹೆಡ್‌ಗೆ ಸಾಗಿಸುವ ಉಪಾಯ ಒಲೆಗ್ ನೆಸ್ಟೆರೊವ್ ಅವರದು. ಪ್ಯಾಚ್ ಚಿಕ್ಕದು. ಅದರ ಒಂದು ಸಾಲಿನ ಮೇಲೆ ನಿಮ್ಮ ಕಣ್ಣು ನೆಡುತ್ತದೆ: ಹೆಡ್‌ಗೆ ‘ಕೂಡಿಸು’ ಎನ್ನುವ ಬದಲು ‘ಎಕ್ಸ್‌ಆಡ್’. ಅಂದರೆ, ಕೂಡಿಸು, ಕೂಡಿಸುವ ಮುಂಚೆ ಅಲ್ಲಿ ಏನಿತ್ತು ಎಂಬುದನ್ನೂ ಅದೇ ಏಟಿಗೆ ಕೊಡು. ಬಿಟ್ ಈಗ ಹೆಡ್‌ನೊಳಗೇ ಇದೆಯಾದ್ದರಿಂದ ಬಿಡುವುದೂ ನೋಡುವುದೂ ಒಂದೇ ಅಟಾಮಿಕ್ ಆದೇಶ. ಮುಂಚೆಯೂ ಅಲ್ಲ, ಆಮೇಲೆಯೂ ಅಲ್ಲ.

ನಿಧಾನಕ್ಕೆ ಯೋಚಿಸಿ, ಅವಸರವಿಲ್ಲ, ರಾತ್ರಿ ಇನ್ನೂ ಇದೆ. ಕಾಯುವವನು ಬಿಟ್ ಹಚ್ಚುವುದು ಹೆಡ್‌ನ ಮೇಲೆ, ಲಾಕ್ ಪ್ರಿಫಿಕ್ಸ್‌ನೊಂದಿಗೆ. ನೀವು ಬಿಡುವುದೂ ಹೆಡ್‌ನ ಮೇಲೆ, ಲಾಕ್ ಪ್ರಿಫಿಕ್ಸ್‌ನೊಂದಿಗೆ. ಒಂದೇ ಜಾಗದ ಮೇಲಿನ ಎರಡು ಅಟಾಮಿಕ್ ಆದೇಶಗಳಲ್ಲಿ ಒಂದು ಮೊದಲು, ಇನ್ನೊಂದು ಆಮೇಲೆ. ಮೂರನೆಯ ಸಾಧ್ಯತೆ ಇಲ್ಲ. ಅವನದು ಮೊದಲಾದರೆ ನಿಮ್ಮ ಎಕ್ಸ್‌ಆಡ್ ತರುವ ಹಳೆಯ ಅಂಕಿಯಲ್ಲಿ ಬಿಟ್ ಇದೆ, ಎಬ್ಬಿಸುತ್ತೀರಿ. ನಿಮ್ಮದು ಮೊದಲಾದರೆ ಮಲಗುವ ಮುಂಚಿನ ಅವನ ಕೊನೆಯ ನೋಟದಲ್ಲಿ ಹೊಸ ಹೆಡ್ ಇದೆ, ಮಲಗುವುದಿಲ್ಲ. ಎರಡು ತಾಣಗಳ ನಡುವಿನ ಕ್ರಮದ ಪ್ರಶ್ನೆ ಎರಡನ್ನೂ ಒಂದೇ ತಾಣಕ್ಕೆ ತಂದದ್ದರಿಂದ ಇಲ್ಲವಾಯಿತು. ನನ್ನ ಮಟ್ಟಿಗೆ ಇಡೀ ಪ್ಯಾಚಿನ ಸೊಗಸು ಇಲ್ಲಿದೆ. ಬ್ಯಾರಿಯರ್ ಹೆಚ್ಚಿಸಿ ಗೆಲ್ಲುವುದು ಯಾರಿಗಾದರೂ ಬರುತ್ತದೆ.

ಎಬ್ಬಿಸುವಾಗಲೂ ಲಾಕಿನ ವಿಳಾಸ ಬೇಕಲ್ಲ, ಅದು ಮುಟ್ಟಿದಂತಾಗದೆ? ಒಳ್ಳೆಯ ಸಂಶಯ. ಮಲಗುವವನು ತನ್ನ ಸಿಪಿಯುವಿನ ಸ್ವಂತ ಜಾಗದಲ್ಲಿ ‘ಇಂಥ ವಿಳಾಸದ ಲಾಕಿಗೆ, ಇಂಥ ಟೋಕನ್’ ಎಂದು ಬರೆದಿಟ್ಟಿರುತ್ತಾನೆ. ಎಬ್ಬಿಸುವವನು ವಿಳಾಸವನ್ನು ಬರಿಯ ಅಂಕಿಯಾಗಿ ಹೋಲಿಸುತ್ತಾನೆ; ಆ ವಿಳಾಸದಲ್ಲಿ ಏನಿದೆ ಎಂದು ಇಣುಕುವುದಿಲ್ಲ. ಬಿಟ್ ಅಳಿಸುವ ಕೆಲಸವೂ ಬಿಡುವವನ ಕೈತಪ್ಪಿದೆ: ಮುಂದೆ ಲಾಕು ಹಿಡಿದವನು, ಅದು ತನ್ನದಾಗಿರುವಾಗ, ಅಳಿಸುತ್ತಾನೆ. ಆಗೊಮ್ಮೆ ಈಗೊಮ್ಮೆ ಮಲಗದವರನ್ನು ಎಬ್ಬಿಸಿದಂತಾಗಬಹುದು. ಆಗಲಿ.

ಪ್ಯಾಚ್ ಹಚ್ಚುತ್ತೀರಿ. ಖಾಲಿ ಲೂಪ್ ಎಲ್ಲಿತ್ತೋ ಅಲ್ಲೇ ಬಿಡುತ್ತೀರಿ, ಹತ್ತು ಪಟ್ಟು ಉದ್ದ ಮಾಡಿ. ಬಿಟ್ಟ ಮೇಲೆ ಎಷ್ಟು ಹೊತ್ತು ತಡವಾದರೂ ಈಗ ಓದಲು ಅಲ್ಲಿ ಏನೂ ಇಲ್ಲ. ಓಡಿಸುತ್ತೀರಿ. ಹೊರಗೆ ಮೈಕು ಕರ್ಕಶವಾಗಿದೆ, ಊದುಬತ್ತಿಯ ಹೊಗೆ ಕೋಣೆಯವರೆಗೂ ಬಂದಿದೆ. ಕಾಲು ಜೋಮು ಹಿಡಿದಿದೆ, ಎದ್ದು ನಿಲ್ಲಲು ಧೈರ್ಯವಿಲ್ಲ, ಎದ್ದರೆ ಏನೋ ಕೆಡುತ್ತದೆಂಬ ಮೂಢನಂಬಿಕೆ. ಸಾಲುಗಳು ಏರುತ್ತವೆ. 6ಬಿ ಬರುವುದಿಲ್ಲ. ಏರುತ್ತವೆ. ಬರುವುದಿಲ್ಲ. ಕಂಪೈಲ್ ಮುಗಿದು ಪ್ರಾಂಪ್ಟ್ ಬಂದು ನಿಂತಾಗ ಹಾಲಿನ ಗಾಡಿಯ ಸದ್ದು ಕೇಳುತ್ತಿರುತ್ತದೆ.

ಆ ಪ್ಯಾಚ್ 2015ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 4.0ರಲ್ಲಿ ಸೇರಿತು. ಅದೇ ವರ್ಷ 4.2ರಲ್ಲಿ ಎಕ್ಸ್86ಗೆ ವೈಮನ್ ಲಾಂಗ್, ಪೀಟರ್ ಜೈಲ್‌ಸ್ಟ್ರಾ ಮೊದಲಾದವರ ಸರದಿ ಸಾಲಿನ ಹೊಸ ಸ್ಪಿನ್‌ಲಾಕ್ ಬಂತು. 2016ರಲ್ಲಿ ಟಿಕೆಟ್ ಲಾಕನ್ನು ಎಕ್ಸ್86ನಿಂದ ತೆಗೆದುಹಾಕಿದರು. ಹೊಸ ಲಾಕಿನಲ್ಲಿ ಹಿಡಿತವನ್ನು ಹೇಳುವ ಒಂದು ಬೈಟ್ ಇದೆ. ಅದರಲ್ಲಿ 1 ಇದ್ದರೆ ಲಾಕು ಯಾರದೋ ಕೈಯಲ್ಲಿದೆ. ವರ್ಚುವಲ್ ಮಷೀನಿನಲ್ಲಿ 3 ಇದ್ದರೆ ಕೈಯಲ್ಲೂ ಇದೆ, ಕಾಯುತ್ತ ಒಬ್ಬರು ಮಲಗಿಯೂ ಇದ್ದಾರೆ. ಬಿಡುವವನು ಆ ಬೈಟನ್ನು 1ರಿಂದ 0ಗೆ ಒಂದೇ ಕಂಪೇರ್-ಎಕ್ಸ್‌ಚೇಂಜ್‌ನಲ್ಲಿ ಬದಲಿಸಲು ನೋಡುತ್ತಾನೆ. 3 ಸಿಕ್ಕಿದರೆ, ಯಾರನ್ನು ಎಬ್ಬಿಸಬೇಕೆಂದು ಲಾಕು ಇನ್ನೂ ತನ್ನದಾಗಿರುವಾಗಲೇ ಹುಡುಕಿಟ್ಟುಕೊಂಡು, ಆಮೇಲೆ 0 ಬರೆದು, ಅವರನ್ನು ಎಬ್ಬಿಸುತ್ತಾನೆ. ಆ ಸೊನ್ನೆಯ ನಂತರ ಲಾಕನ್ನು ಓದುವ ಸಾಲು ಕೋಡಿನಲ್ಲಿ ಇಲ್ಲ.